ರಕ್ತ ನುಡಿದ ಸಾಕ್ಷ್ಯ

‘ರಕ್ತಶುದ್ಧಿ’ಯ ಭೂತ ಜರ್ಮನಿಯ ಮೈಮೇಲೆ ಬಂದ 1933ರಲ್ಲಿ ಹರ್ಮನ್ ಲೇಮನ್ ಅಲ್ಲಿ ವೈದ್ಯ ವಿದ್ಯಾರ್ಥಿ. 1910ರಲ್ಲಿ ಹಾಲೆ ನಗರದಲ್ಲಿ ಹುಟ್ಟಿದ ಆತನ ಮೈಯಲ್ಲಿ ಯಹೂದಿ ರಕ್ತವಿತ್ತು. ಅಷ್ಟರಿಂದಲೇ ಸ್ವದೇಶದಲ್ಲಿ ವೈದ್ಯಪದವಿಯ ಬಾಗಿಲು ಮುಚ್ಚಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪದವಿ ಪಡೆದು, 1936ರಲ್ಲಿ ಆತ ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು. ಯುದ್ಧ ಬಂದಾಗ ಅಲ್ಲಿಯೂ ನೆಮ್ಮದಿ ಉಳಿಯಲಿಲ್ಲ. 1940ರಲ್ಲಿ, ಜರ್ಮನ್ ಎಂಬ ಕಾರಣಕ್ಕೆ, ಬ್ರಿಟಿಷರು ಅವರನ್ನು ಬಂಧನ ಶಿಬಿರದಲ್ಲಿಟ್ಟರು. ಹುಟ್ಟಿದ ನಾಡಿಗೆ ಯಹೂದಿ, ಆಶ್ರಯವಿತ್ತ ನಾಡಿಗೆ ಜರ್ಮನ್! ಬಿಡುಗಡೆಯಾದ ಬಳಿಕ, 1943ರಲ್ಲಿ, ಅವರು ಬ್ರಿಟಿಷ್ ಸೇನೆಯ ವೈದ್ಯದಳಕ್ಕೇ ಸೇರಿದರು.

ಹೀಗೆ ರಕ್ತದ ಹೆಸರಿನಲ್ಲಿ ನೆಲೆ ಕಳೆದುಕೊಂಡವರು, ರಕ್ತ ನಿಜವಾಗಿ ಏನು ಹೇಳುತ್ತದೆಂದು ಕೇಳುವುದರಲ್ಲಿಯೇ ಉಳಿದ ಬದುಕನ್ನು ಸವೆಸಿದರು.

ಯುದ್ಧಾನಂತರ ಲೇಮನ್ನರು ಆಫ್ರಿಕದ ಉಗಾಂಡದಲ್ಲಿ ರಕ್ತಹೀನತೆಯನ್ನು ಅಭ್ಯಸಿಸಿದರು. ದುಂಡಗಿರಬೇಕಾದ ರಕ್ತಕಣಗಳು ಆಮ್ಲಜನಕ ಕಡಿಮೆಯಾದೊಡನೆ ಕುಡುಗೋಲಿನಂತೆ ಬಾಗುವ ವಿಚಿತ್ರ ಗುಣ ಅಲ್ಲಿ ಅನೇಕರಲ್ಲಿತ್ತು. ಬಾಗಿದ ಕಣಗಳು ಕಿರಿಯ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾರದ ನೋವನ್ನುಂಟುಮಾಡುತ್ತವೆ. ಬೇಗನೆ ಒಡೆದುಹೋಗಿ ರಕ್ತಹೀನತೆಯನ್ನು ತರುತ್ತವೆ. ಇದೇ ಸಿಕಲ್ ಸೆಲ್ ರೋಗ.

ಇದರ ಮೂಲ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮೋಗ್ಲೋಬಿನ್‌ನಲ್ಲಿದೆಯೆಂದು 1949ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದರು. 1956ರಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಂ ದೋಷದ ಸ್ವರೂಪವನ್ನೇ ಹಿಡಿದರು. 146 ಅಮೈನೋ ಆಮ್ಲಗಳನ್ನು ಪೋಣಿಸಿದ ಸರವೊಂದರಲ್ಲಿ ಒಂದೇ ಒಂದು ಮಣಿ ಬದಲಾಗಿತ್ತು! ಒಂದು ಮಣಿ ತಪ್ಪಿದುದಕ್ಕೆ ಒಂದು ಜೀವ ಇಷ್ಟು ನೋಯಬೇಕಾಯಿತು.

ಕುಡುಗೋಲು ಕಣಗಳು ಆಫ್ರಿಕದ ಜನರ ಸೊತ್ತೆಂದು ಆವರೆಗೆ ಪಂಡಿತರು ಬಗೆದಿದ್ದರು. 1952ರಲ್ಲಿ ಲೇಮನ್ ಹಾಗೂ ಸಹೋದ್ಯೋಗಿ ಮೇರಿ ಕಟ್‌ಬುಷ್ ಆ ನಂಬಿಕೆಯನ್ನು ಕದಲಿಸಿದರು. ನಮ್ಮ ನೀಲಗಿರಿಯ ಇರುಳರು, ಕುರುಂಬರು ಮೊದಲಾದ ಗಿರಿಜನರ ರಕ್ತದಲ್ಲಿಯೂ ಅದೇ ಗುಣ ಅವರಿಗೆ ಕಂಡಿತು. ಎರಡು ವರ್ಷಗಳ ತರುವಾಯ ಆಂಟನಿ ಆಲಿಸನ್ ಇನ್ನೊಂದು ಗುಟ್ಟನ್ನು ಬಯಲು ಮಾಡಿದರು: ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ಗುಣ ಪಡೆದ ಮಗುವಿಗೆ ಕಠಿಣ ಮಲೇರಿಯದಿಂದ ರಕ್ಷಣೆ ದೊರೆಯುತ್ತದೆ. ಮಲೇರಿಯದ ಸೀಮೆಗಳಲ್ಲಿ ತಲೆಮಾರುಗಳ ಕಾಲ ಇದು ಉಳಿದುಬಂದುದು ಆ ಕಾರಣದಿಂದ. ಕುಲದ ಕಳಂಕವೆಂದು ತೋರಿದ್ದು ಪೂರ್ವಜರ ಪ್ರಾಣ ಕಾಯ್ದ ಕವಚವೂ ಆಗಿತ್ತು.

1963ರಿಂದ ಲೇಮನ್ನರ ಕಾರ್ಯಕ್ಷೇತ್ರ ಕೇಂಬ್ರಿಜ್. ಹಲವು ದೇಶಗಳ ವೈದ್ಯರು ತಮಗೆ ಬಿಡಿಸಲಾಗದ ರಕ್ತದ ಮಾದರಿಗಳನ್ನು ಅವರಿಗೆ ಕಳುಹಿಸುತ್ತಿದ್ದರು. ವಿದ್ಯುತ್ತನ್ನು ಹರಿಸಿ ಹೀಮೋಗ್ಲೋಬಿನ್‌ಗಳನ್ನು ಬೇರ್ಪಡಿಸಿ, ಬದಲಾದ ಮಣಿ ಯಾವುದೆಂದು ಅವರ ಪ್ರಯೋಗಾಲಯ ಹುಡುಕುತ್ತಿತ್ತು. 1972ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆದರು, 1985ರಲ್ಲಿ ತೀರಿಕೊಂಡರು. ಅಷ್ಟರೊಳಗೆ ನೂರಾರು ಬಗೆಯ ಹೀಮೋಗ್ಲೋಬಿನ್‌ಗಳು ಬೆಳಕಿಗೆ ಬಂದಿದ್ದವು. ಯಾವ ಖಂಡದ ಜನರೂ ಈ ಪಟ್ಟಿಯಿಂದ ಹೊರಗುಳಿಯಲಿಲ್ಲ. ‘ಶುದ್ಧ’ವಾದ ರಕ್ತವೆಂಬುದು ಎಲ್ಲಿಯೂ ಸಿಕ್ಕಲಿಲ್ಲ.

ಈ ಜ್ಞಾನದಿಂದ ಸಂಸಾರಸ್ಥರಿಗೇನು ಪ್ರಯೋಜನ? ದೋಷದ ಒಂದೇ ಪ್ರತಿಯನ್ನು ಹೊತ್ತವರು ಸಾಮಾನ್ಯವಾಗಿ ಆರೋಗ್ಯವಂತರು. ತಮ್ಮಲ್ಲಿ ಅದಿದೆಯೆಂಬುದೇ ಅನೇಕರಿಗೆ ತಿಳಿದಿರದು. ಅಂಥ ಇಬ್ಬರು ಸತಿಪತಿಗಳಾದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ತಗಲುವ ಸಂಭವ ನಾಲ್ಕರಲ್ಲೊಂದು ಪಾಲು. ರೋಗಿಷ್ಠ ಕೂಸು ಹುಟ್ಟಿತೆಂದು ಸೊಸೆಯ ಕಾಲ್ಗುಣವನ್ನು ಹಳಿಯುವವರು ಈ ಲೆಕ್ಕವನ್ನು ಮನದಟ್ಟು ಮಾಡಿಕೊಳ್ಳಬೇಕು: ಎರಡು ಪ್ರತಿಗಳಲ್ಲಿ ಒಂದು ತಾಯಿಯದಾದರೆ ಇನ್ನೊಂದು ತಂದೆಯದು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಈ ಗುಣವುಂಟು. 2047ರೊಳಗೆ ರೋಗವನ್ನು ನಿವಾರಿಸುವ ಗುರಿಯಿಟ್ಟು ಭಾರತ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ಇದರ ಮೊದಲ ಹೆಜ್ಜೆ ರಕ್ತಪರೀಕ್ಷೆ. ವಧೂವರರ ಜಾತಕ ನೋಡುವ ಹೊತ್ತಿನಲ್ಲಿ ಒಂದು ಹನಿ ರಕ್ತವನ್ನೂ ನೋಡಿಸಿದರೆ, ಮುಂದೆ ಹುಟ್ಟಲಿರುವ ಮಗುವೊಂದರ ಸಂಕಟ ತಪ್ಪೀತು.