ಹೊರನಾಡ ಮನೆಗಳಲ್ಲಿ ಅಕ್ಷರದ ಆಟ

ಮಹಾರಾಷ್ಟ್ರ ಸರಕಾರವು 2025ರ ಏಪ್ರಿಲ್‌ನಲ್ಲಿ ಮರಾಠಿ ಹಾಗೂ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಡ್ಡಾಯಗೊಳಿಸಲು ಹೊರಟು, ತೀವ್ರ ವಿರೋಧದಿಂದಾಗಿ ಜೂನ್ ಅಂತ್ಯದಲ್ಲಿ ಆ ಸಂಬಂಧದ ಆದೇಶಗಳನ್ನು ಹಿಂಪಡೆಯಿತು. ಎಳೆಯ ಮಕ್ಕಳ ಮೇಲೆ ಎಷ್ಟು ಭಾಷೆಗಳ ಭಾರ ಹೊರಿಸಬಹುದೆಂಬ ಆ ಚರ್ಚೆಯಲ್ಲಿ ಎಣಿಕೆಗೇ ಬಾರದ ಭಾಷೆಯೊಂದಿತ್ತು. ಅದು ನಮ್ಮ ಮನೆಯ ಕನ್ನಡ. 2020ರ ಕಾಯಿದೆಯಂತೆ ಮರಾಠಿ ಎಲ್ಲ ಶಾಲೆಗಳಲ್ಲಿಯೂ ಕಡ್ಡಾಯ; ಇಂಗ್ಲಿಷ್ ಅಂತೂ ಇದ್ದೇ ಇದೆ. ಮುಂಬಯಿಯ ನಮ್ಮ ಮಗು ಅಜ್ಜಿಯೊಡನೆ ಕನ್ನಡದಲ್ಲಿ ಹರಟುತ್ತದೆ, ಊರಿಗೆ ಹೋದಾಗ ಬಸ್ಸಿನ ಫಲಕವನ್ನು ಮಾತ್ರ ಓದಲಾರದು. ಲಿಪಿ ಕಲಿಸುವ ಹೊಣೆ ಈಗ ಬಹುಮಟ್ಟಿಗೆ ಮನೆಯದೇ ಆಗಿದೆ.

ನಾವು ಸಾಮಾನ್ಯವಾಗಿ ರವಿವಾರ ಸ್ಲೇಟು ಹಿಡಿಸಿ 'ಅ' ಇಂದ ಆರಂಭಿಸುತ್ತೇವೆ. 'ಋ' ಬರುವಷ್ಟರಲ್ಲಿ ಮಗು ಸೋತಿರುತ್ತದೆ. ನಲವತ್ತೊಂಬತ್ತು ಅಕ್ಷರಗಳು, ಆಮೇಲೆ ಕಾಗುಣಿತ! ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಆರಂಭಗೊಂಡು ಮುಂದೆ ಕರ್ನಾಟಕದ ಸರಕಾರಿ ಶಾಲೆಗಳಿಗೆ ಹರಡಿದ 'ನಲಿ-ಕಲಿ' ಪದ್ಧತಿಯು ಈ ಕ್ರಮವನ್ನೇ ಬದಲಿಸಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭವಾದ ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಲ್ಲವೂ ಹುಟ್ಟುತ್ತವೆ. ಅಕ್ಷರ ಕಲಿತ ಕೂಡಲೇ ಮಗುವಿಗೆ ಓದುವ ಸಂತೋಷ ಸಿಗುತ್ತದೆ.

ವರ್ಣಮಾಲೆಯ ಕ್ರಮವನ್ನು ನಾವು ಹಳಿಯುತ್ತಿಲ್ಲ; ಉಚ್ಚಾರಣೆಯ ಸ್ಥಾನವನ್ನರಿತು ಜೋಡಿಸಿದ ಕ್ರಮವದು. ವಾಸ್ತವವಾಗಿ ಹೊರನಾಡ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಮರಾಠಿಗಾಗಿ ದೇವನಾಗರಿ ಕಲಿತ ಮಗುವಿನ ಕಿವಿಯಲ್ಲಿ ಕ-ಖ-ಗ-ಘ ಆಗಲೇ ನೆಲೆಸಿರುತ್ತದೆ. ನಾವು ಕಲಿಸಬೇಕಾದದ್ದು ಮುಖ್ಯವಾಗಿ ಆಕಾರವನ್ನು ಮಾತ್ರ.

ಆಕಾರ ಕಲಿಯಲು ಅಡುಗೆಮನೆಗಿಂತ ಒಳ್ಳೆಯ ಶಾಲೆಯಿಲ್ಲ. ಚಪಾತಿ ಹಿಟ್ಟನ್ನು ಹಾವಿನಂತೆ ಹೊಸೆದು ಬಾಗಿಸಿದರೆ 'ರ'. ಅದರ ಹೊಟ್ಟೆಯಲ್ಲೊಂದು ಸಾಸಿವೆ ಕಾಳಿಟ್ಟರೆ 'ಠ'! ದ, ಡ, ಬ ಇವುಗಳ ಅಡಿಯಲ್ಲಿ ಸಣ್ಣ ಸೀಳು ಮಾಡಿದರೆ ಧ, ಢ, ಭ. ಮಹಾಪ್ರಾಣದ ಈ ಗುಟ್ಟನ್ನು ಮಗು ತಾನೇ ಕಂಡುಕೊಂಡರೆ ಮರೆಯುವುದಿಲ್ಲ. ಹುಣಸೆಬೀಜ, ರಂಗೋಲಿ ಪುಡಿ, ಅಕ್ಕಿ ಹರಡಿದ ತಟ್ಟೆ ಯಾವುದಾದರೂ ಸರಿ. ಮೊಬೈಲಿನ ಪರದೆಯೂ ಅಕ್ಷರ ತೋರಿಸುತ್ತದೆ, ಆದರೆ ಬೆರಳಿಗೆ ತಿರುವಿನ ಅನುಭವ ಅಷ್ಟಾಗಿ ಸಿಗದು. ಮೂರರಿಂದ ಎಂಟು ವರ್ಷದವರ ಕಲಿಕೆಗೆ ಆಟವೇ ತಳಹದಿಯೆಂದು 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಹೇಳಿದೆ. ತಿದ್ದುವ ಚಟವನ್ನು ಹಿರಿಯರು ತುಸು ಬಿಗಿಹಿಡಿದರೆ ಸಾಕು.

ಒತ್ತಕ್ಷರಗಳ ವಿಷಯದಲ್ಲೊಂದು ತೊಡಕಿದೆ. ಪಾಠದಲ್ಲಿ ಅವು ಕೊನೆಗೆ ಬರುತ್ತವೆ. ಆದರೆ ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಅಣ್ಣ ಎಲ್ಲರ ಹೆಸರಿನಲ್ಲೂ ಒತ್ತಿದೆ! ಈ ಪದಗಳನ್ನು ಬಿಡಿಸದೆ ಇಡಿಯಾಗಿ, ಚಿತ್ರದಂತೆ ಚೀಟಿಗಳಲ್ಲಿ ಬರೆದು, ಆಯಾ ವ್ಯಕ್ತಿಯ ಊಟದ ತಟ್ಟೆಯ ಬಳಿ ಮಗುವಿನಿಂದಲೇ ಇಡಿಸಬಹುದು. ಬಿಡಿಸಿ ಓದುವ ಕೆಲಸ ಆಮೇಲೆ ನಡೆಯಲಿ.