ಸೀತನಿಯೂ ಊರಭಿಮಾನವೂ

ಕನ್ನಡನಾಡಿನ ವಿದ್ಯಾವಂತರಲ್ಲಿ ಊರಿನ ಅಭಿಮಾನವು ಬೇರೆಲ್ಲಿ ಬತ್ತಿದರೂ ನಾಲಗೆಯಲ್ಲಿ ಬತ್ತಿಲ್ಲವೆಂಬುದು ಎಲ್ಲರೂ ಕಂಡ ಮಾತು. ಬೆಂಗಳೂರಿನಲ್ಲಿ ಮೂವತ್ತು ವರ್ಷ ನೌಕರಿ ಮಾಡಿ, ಮಾತಿನ ಧಾಟಿಯನ್ನೂ ಉಡುಪನ್ನೂ ಬದಲಾಯಿಸಿಕೊಂಡ ಧಾರವಾಡದ ಮಹನೀಯರು ಪೇಢೆಯ ಪ್ರಸ್ತಾಪ ಬಂದೊಡನೆ ಮತ್ತೆ ಧಾರವಾಡದವರಾಗುವರು. ಬೆಳಗಾವಿಯವರು ಕುಂದಾ ಎನ್ನುವರು, ಗೋಕಾಕದವರು ಕರದಂಟು ಎನ್ನುವರು. ಮೈಸೂರಿನವರಾದರೋ ಪಾಕಕ್ಕೆ ತಮ್ಮ ಊರಿನ ಹೆಸರೇ ಅಂಟಿಕೊಂಡಿರುವುದನ್ನು ಸಾಕ್ಷ್ಯವಾಗಿ ಮುಂದಿಟ್ಟು ವ್ಯಾಜ್ಯವನ್ನು ಅಲ್ಲಿಗೇ ಮುಗಿಸಲೆಳಸುವರು. ಈ ಜಗಳ ಸವಿಯಾದುದು; ಯಾರಿಗೂ ಇದರಿಂದ ಕೇಡಿಲ್ಲ. ಆದರೆ ಇದರಲ್ಲಿ ವಾದಕ್ಕೆ ಬಂದು ನಿಲ್ಲುವ ತಿನಿಸುಗಳನ್ನು ಒಂದೊಂದಾಗಿ ಎಣಿಸಿ ನೋಡಿದರೆ ಅವೆಲ್ಲವೂ ಅಂಗಡಿಯಲ್ಲಿ ದೊರೆತು, ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡು, ರೈಲಿನಲ್ಲಿ ಒಯ್ಯಲು ಬರುವಂಥವು. ಹೊಲದಲ್ಲಿ ಕುಳಿತಲ್ಲದೆ ತಿನ್ನಲಾಗದ ತಿನಿಸಿಗೆ ಯಾವ ಊರಿನ ವಕೀಲರೂ ವಕಾಲತ್ತು ಹಾಕಿದಂತೆ ತೋರುವುದಿಲ್ಲ.

ಧಾರವಾಡದ ಪೇಢೆಯ ಕೈಗುಣವು ಉತ್ತರಪ್ರದೇಶದ ಉನ್ನಾವದ ಕಡೆಯಿಂದ 19ನೆಯ ಶತಮಾನದಲ್ಲಿ ವಲಸೆ ಬಂದ ಮನೆತನದ್ದು. ಇದರಲ್ಲಿ ನಾಚತಕ್ಕದ್ದೇನೂ ಇಲ್ಲ. ಬಂದವರಿಗೆ ಊರು ಎಡೆಕೊಟ್ಟಿತು, ಬಂದ ತಿನಿಸು ಊರಿಗೆ ಹೆಸರು ಕೊಟ್ಟಿತು, ಕಡೆಗೆ ಸರಕಾರದಿಂದ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ವಿಷಾದದ ಸಂಗತಿಯೆಂದರೆ, ಅದೇ ಧಾರವಾಡದ ಎರೆಹೊಲದಲ್ಲಿ, ವಿಜಯಪುರ ಕಲಬುರ್ಗಿಗಳ ಎರೆಹೊಲದಲ್ಲಿ, ಹೊರಗಿನ ಯಾರ ಕೈಯನ್ನೂ ಕಾಯದೆ ಎದ್ದ ಸೀತನಿಯನ್ನು ‘ನಮ್ಮೂರಿನದು’ ಎಂದು ಎದೆತಟ್ಟಿ ಹೇಳುವವರು ಇಲ್ಲದೆ ಹೋಗಿರುವುದು.

ತೆಂಕಣ ಜಿಲ್ಲೆಗಳ ವಾಚಕರಿಗೆ ಸೀತನಿಯ ಪರಿಚಯ ಕಡಮೆಯಿರಬಹುದು. ಹಿಂಗಾರಿ ಜೋಳವು ಮಳೆ ನಿಂತ ಮೇಲೆ ಎರೆನೆಲದೊಳಗೆ ಉಳಿದ ತೇವವನ್ನೇ ಹೀರಿ ಬೆಳೆಯುವುದು. ಪುಷ್ಯಮಾಸದ ಹೊತ್ತಿಗೆ ಅದರ ಕಾಳು ಹಾಲು ತುಂಬಿ, ಇನ್ನೂ ಗಟ್ಟಿಗೊಳ್ಳದೆ, ಉಗುರಿನಿಂದ ಒತ್ತಿದರೆ ತಗ್ಗುವಷ್ಟು ಮೆದುವಾಗಿರುವ ಕೆಲವೇ ದಿನಗಳುಂಟು. ಆ ದಿನಗಳಲ್ಲಿ ಹೊಲದ ಬದುವಿನಲ್ಲಿ ಒಂದು ಕುಣಿ ತೋಡಿ, ಕುಳ್ಳು ಒಟ್ಟಿ, ಉರಿಯೆಲ್ಲ ಆರಿ ಕೆಂಡ ಮಾತ್ರ ಉಳಿಯುವವರೆಗೆ ಕಾಯುವರು. ಗೇಣುದ್ದ ದಂಟಿನೊಡನೆ ಮುರಿದುತಂದ ತೆನೆಗಳನ್ನು ತಲೆಕೆಳಗಾಗಿ ಆ ಕೆಂಡದಲ್ಲಿ ಹುದುಗಿಸಿ, ತಿರುವಿ, ಹೊರಕ್ಕೆಳೆದು, ಬಿಸಿಯಿರುವಂತೆಯೇ ಎರಡು ಅಂಗೈಗಳ ನಡುವೆ ಉಜ್ಜಿ ಕಾಳುದುರಿಸುವರು. ಹೊಟ್ಟನ್ನು ಊದಿ ಹಾರಿಸಿ ಶೇಂಗಾಹಿಂಡಿ, ಗುರೆಳ್ಳುಹಿಂಡಿ, ಬೆಲ್ಲ, ಮೊಸರುಗಳೊಡನೆ ಕೂಡಿದವರಿಗೆಲ್ಲ ಹಂಚುವರು. ಹಸುರು ಕಾಳಿನ ಸವಿ, ಹೊಗೆಯ ಕಂಪು, ಅಂಗೈಯ ಬಿಸಿ, ಈ ಮೂರೂ ಕೂಡಿದಾಗಲೇ ಅದು ಸೀತನಿ. ಮನೆಗೆ ತರುವಷ್ಟರಲ್ಲಿ ಅದು ತಣಿದ ಕಾಳಾಗುವುದು, ಮರುದಿನಕ್ಕೆ ಏನೂ ಅಲ್ಲದ್ದಾಗುವುದು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದ ಕುಟುಂಬಗಳಿಗೂ, ಪೇಟೆಯಿಂದ ಕರೆಸಿಕೊಂಡ ನೆಂಟರಿಗೂ, ದಾರಿಹೋಕರಿಗೂ ಅದನ್ನು ಉಣಿಸುತ್ತಿದ್ದುದು ಬೆಲೆಗಲ್ಲ. ಬಲಿಯದ ತೆನೆಯನ್ನು ಮುರಿದಷ್ಟೂ ರಾಶಿಯಲ್ಲಿ ಕಾಳು ಕಡಮೆಯಾಗುವುದೆಂದು ಬಲ್ಲ ಒಕ್ಕಲಿಗನೇ ಅದನ್ನು ಕರೆಕರೆದು ಕೊಡುತ್ತಿದ್ದನು.

ಇಂಥದಕ್ಕೆ ಅಭಿಮಾನಿಗಳು ಇಲ್ಲದಿರಲು ಕಾರಣವೇನು? ‘ಸುಟ್ಟದ್ದು ಅಡುಗೆಯಲ್ಲ’ ಎಂಬ ಒಂದು ಹಳೆಯ ತಿರಸ್ಕಾರವೇ ಕಾರಣ. ಬೇಯಿಸಿದ್ದು ನಾಗರಿಕರದು, ಕರಿದದ್ದು ಶ್ರೀಮಂತರದು, ಸುಟ್ಟದ್ದು ಕುರಿಕಾಯುವವರದು, ಕೂಲಿಯವರದು, ಪಾತ್ರೆಯಿಲ್ಲದವರದು ಎಂಬ ತರತಮವು ಓದುಬಲ್ಲ ಮನೆಗಳಲ್ಲಿ ಬಾಯಿಬಿಟ್ಟು ಹೇಳದೆಯೇ ನಡೆದುಬಂದಿದೆ. ಕರಾವಳಿಯಲ್ಲಿ ಗಂಜಿಯ ಜೊತೆಗೆ ಕೆಂಡದಲ್ಲಿ ಸುಟ್ಟ ಒಣಮೀನು, ಮಲೆನಾಡಿನ ಗದ್ದೆಯಂಚಿನಲ್ಲಿ ಸುಟ್ಟ ಏಡಿ, ಬೂದಿಯಲ್ಲಿ ಹೂತ ಗೆಣಸು, ಹಲಸಿನ ಬೀಜ, ಇವೆಲ್ಲ ಮಕ್ಕಳು ಕದ್ದು ತಿನ್ನತಕ್ಕವು, ಅತಿಥಿಗಳ ಎಲೆಗೆ ಬರತಕ್ಕವಲ್ಲ. ಹೀಗೆನ್ನುವ ಮನೆಯ ಒಲೆಯಲ್ಲಿಯೇ ಗೊಜ್ಜಿಗೆಂದು ಬದನೆಕಾಯಿ ಸಿಪ್ಪೆ ಕರಿಯಾಗುವವರೆಗೆ ಸುಡುತ್ತಿರುತ್ತದೆ, ಹಪ್ಪಳ ಕೆಂಡದ ಮೇಲೆ ಉಬ್ಬುತ್ತಿರುತ್ತದೆ. ಅದು ಮಾತ್ರ ಲೆಕ್ಕಕ್ಕಿಲ್ಲ.

ಚಾಲುಕ್ಯರ ಹೆಸರೆತ್ತಿದರೆ ಪುಳಕಗೊಳ್ಳುವ ಪಂಡಿತರು ಕಲ್ಯಾಣದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಪ್ರಕರಣವನ್ನು ಒಮ್ಮೆ ತೆರೆದು ನೋಡಬೇಕು. ಹಂದಿಯ ಕೂದಲನ್ನು ಹುಲ್ಲಿನ ಬೆಂಕಿಯಲ್ಲಿ ಸೀಯಿಸಿ ತೆಗೆಯುವ ಬಗೆ, ಮಾಂಸದ ತುಂಡುಗಳನ್ನು ಕೋದು ಕೆಂಡದಲ್ಲಿ ಸುಡುವ ಬಗೆ ಅಲ್ಲಿ ವಿವರವಾಗಿವೆ. ಹೊಲದಲ್ಲಿಯೂ ಹೊಳೆದಂಡೆಯಲ್ಲಿಯೂ ಬೆಳೆದ ಕರಿಯ ಇಲಿಯನ್ನು ಕಬ್ಬಿಣದ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಹಿಡಿಯುವ ವಿಧಿಯೂ ಅಲ್ಲಿಯೇ ಇದೆ. ಆನೆ, ರತ್ನ, ಸಂಗೀತಗಳನ್ನು ಕುರಿತು ಬರೆದ ಲೇಖನಿಯೇ ಅದನ್ನೂ ಬರೆಯಿತು. ಚಕ್ರವರ್ತಿಗೆ ಹೇಸಿಗೆಯೆನಿಸದಿದ್ದುದು ಗುಮಾಸ್ತರ ಮನೆಗಳಿಗೆ ಹೇಸಿಗೆಯೆನಿಸಿತು! ಪಂಡಿತರು ಗ್ರಂಥವನ್ನು ಮನ್ನಿಸಿ ಆ ಪುಟಗಳನ್ನು ಮೆಲ್ಲನೆ ಮಗುಚಿಬಿಟ್ಟರು. ಮಾಂಸಾಹಾರವನ್ನು ಎತ್ತಿಹಿಡಿಯಬೇಕೆಂಬುದು ಇಲ್ಲಿಯ ವಾದವಲ್ಲ; ಸಸ್ಯಾಹಾರಿಯು ಸಸ್ಯಾಹಾರಿಯಾಗಿಯೇ ಇರಲಿ. ಕೆಂಡವು ಕೀಳೆಂಬ ಮಾತಿಗೆ ನಾಡಿನ ಹಳಮೆಯಲ್ಲಿ ಆಧಾರವಿಲ್ಲವೆಂಬುದಷ್ಟೇ ಹೇಳತಕ್ಕದ್ದು.

ಇನ್ನೊಂದು ಚೋದ್ಯವುಂಟು. ಊರಿನ ಕೆಂಡಕ್ಕೆ ಮೂಗುಮುರಿದವರೇ ನಗರದ ಹೋಟೆಲುಗಳಲ್ಲಿ ಮೇಜಿನ ನಡುವೆ ಕೆಂಡದ ತೊಟ್ಟಿಯನ್ನಿರಿಸಿಕೊಂಡು, ಸಲಾಕಿಗೆ ಕೋದ ಪನೀರನ್ನೂ ಅನಾನಸನ್ನೂ ಸುಡಿಸಿ, ‘ಬಾರ್ಬೆಕ್ಯೂ’ ಎಂದು ಹೆಸರಿಟ್ಟುದಕ್ಕೆ ಕೇಳಿದಷ್ಟು ಹಣವನ್ನು ತೆತ್ತು ಬರುತ್ತಾರೆ. ಆ ಹೆಸರಿನ ಮೂಲವಾದರೂ ಯಾವುದು? ಕೆರಿಬಿಯನ್ ದ್ವೀಪಗಳ ತಾಯ್ನೋ ಎಂಬ ಮೂಲನಿವಾಸಿಗಳು ಬೆಂಕಿಯ ಮೇಲೆ ಕಟ್ಟುತ್ತಿದ್ದ ಕಡ್ಡಿಯ ಅಟ್ಟದ ಹೆಸರು ಸ್ಪೇನಿನವರ ಬಾಯಲ್ಲಿ ‘ಬಾರ್ಬಕೋವ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ಇಳಿಯಿತು. ಅದೂ ಪಾತ್ರೆಯಿಲ್ಲದವರ ಅಡುಗೆಯೇ. ಹಡಗು ಹತ್ತಿ ಬಂದುದರಿಂದ ಮಾತ್ರ ಅದಕ್ಕೆ ಮರ್ಯಾದೆ ದೊರೆಯಿತು.

ಅಮೆರಿಕದ ತೆಂಕಣ ಸಂಸ್ಥಾನಗಳಲ್ಲಿ ಈ ಸುಟ್ಟಡುಗೆಯ ವಿಷಯವಾಗಿ ನಡೆಯುವ ಊರೂರಿನ ಜಗಳದ ಮುಂದೆ ಪೇಢೆ ಕುಂದಾಗಳ ಜಗಳ ಮಕ್ಕಳಾಟ. ಉತ್ತರ ಕ್ಯಾರೊಲಿನದ ಮೂಡಣವರು ಇಡೀ ಹಂದಿಯನ್ನು ಸುಟ್ಟು ವಿನೆಗರು ಮೆಣಸು ಮಾತ್ರ ಹಾಕುವರು. ಅದೇ ಸಂಸ್ಥಾನದ ಲೆಕ್ಸಿಂಗ್ಟನ್ ಕಡೆಯವರು ಹೆಗಲಿನ ಮಾಂಸವನ್ನಷ್ಟೇ ಸುಟ್ಟು ರಸಕ್ಕೆ ಒಂದಿಷ್ಟು ಟೊಮೇಟೊ ಬೆರೆಸುವರು. ಇದನ್ನು ಮೂಡಣವರು ಕುಲಗೆಟ್ಟ ಕೆಲಸವೆನ್ನುವರು. ದಕ್ಷಿಣ ಕ್ಯಾರೊಲಿನದ ನಡುನಾಡಿಗೆ ಸಾಸಿವೆ ಬೇಕು, ಟೆಕ್ಸಸ್ಸಿಗೆ ದನದ ಎದೆಮಾಂಸ ಬೇಕು, ಕಾನ್ಸಾಸ್ ಸಿಟಿಗೆ ಸಿಹಿಯಾದ ದಪ್ಪ ರಸ ಬೇಕು. ಜಗಳದ ಬಲದಿಂದಲೇ ಅಲ್ಲಿ ಒಲೆ ಆರಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಅಲ್ಲಿಯೂ ಅಭಿಮಾನವೆಲ್ಲ ರಸದ ಪಾಲಾಗಿ, ಇರುಳೆಲ್ಲ ಕೆಂಡ ಕಾದ ಕೈ ಬಹುಕಾಲ ಮರೆಯಲ್ಲಿ ಉಳಿಯಿತು. ಗುಲಾಮಗಿರಿಯ ದಿನಗಳಲ್ಲಿ ಧಣಿಗಳ ಔತಣಕ್ಕೆ ಕುಣಿ ತೋಡಿ ಹಂದಿ ಸುಟ್ಟವರು ಕರಿಯರು. ಅಲಬಾಮದ ಬರ್ಮಿಂಗ್‌ಹ್ಯಾಮಿನ ‘ಓಲೀಸ್ ಬಾರ್ಬೆಕ್ಯೂ’ ಎಂಬ ಉಪಾಹಾರಗೃಹದ ಕೆಲಸಗಾರರಲ್ಲಿ ಮೂರರಲ್ಲಿ ಎರಡು ಪಾಲು ಕರಿಯರಾಗಿದ್ದರೂ ಕರಿಯ ಗಿರಾಕಿಗೆ ಅಲ್ಲಿ ಕುಳಿತು ಉಣ್ಣಲು ಎಡೆಯಿರಲಿಲ್ಲ, ಪೊಟ್ಟಣ ಕಟ್ಟಿಸಿಕೊಂಡು ಹೊರಡಬೇಕಿತ್ತು. ನಾಗರಿಕ ಹಕ್ಕಿನ ಕಾನೂನು ತಮಗೆ ಸಲ್ಲದೆಂದು ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. 1964ರ ಡಿಸೆಂಬರಿನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಅವರ ವಾದವನ್ನು ತಳ್ಳಿಹಾಕಿತು. ಸುಡುವ ಕೈ ಬೇಕು, ಪಂಕ್ತಿಯಲ್ಲಿ ಆ ಕೈ ಬೇಡವೆಂಬ ನೀತಿಯ ಸುದ್ದಿಯನ್ನು ಓದಿ ಕನ್ನಡಿಗರು ಬೆರಗಾಗಬೇಕಾದ್ದಿಲ್ಲ. ಸೀತನಿಯ ಹೊಲದಲ್ಲಿಯೂ ಪೇಟೆಯ ನೆಂಟರಿಗೆ ಜಮಖಾನೆ ಹಾಸಿ, ಕೆಂಡದಿಂದ ತೆನೆಯೆಳೆದು ಅಂಗೈ ಸುಟ್ಟುಕೊಂಡ ಆಳಿಗೆ ಬದುವಿನಾಚೆ ಎಡೆಮಾಡಿದ ಹೊಲಗಳು ಇಲ್ಲದಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು: ಸೀತನಿಯನ್ನು ಕೈಬಿಟ್ಟವರು ಪೇಟೆಯವರಲ್ಲ, ಒಕ್ಕಲಿಗರೇ. ಜೋಳಕ್ಕೆ ಬೆಲೆಯಿಲ್ಲ; ಕೊಯ್ಯಲು, ಸಿವುಡು ಕಟ್ಟಲು, ರಾಶಿ ಮಾಡಲು ಆಳಿಲ್ಲ; ಹಕ್ಕಿ ಕಾಯುವವರಿಲ್ಲ. ಕೃಷ್ಣೆಯ ಕಾಲುವೆಗಳು ಬಂದಲ್ಲಿ ನೆಲ್ಲೂ ಕಬ್ಬೂ ಬಂದುವು, ಬಾರದಲ್ಲಿ ಕಡಲೆ ತೊಗರಿಗಳು ಆ ಎಡೆಯನ್ನು ಹಿಡಿದುವು. ಇದು ದಿಟ, ಕಬ್ಬು ಹಾಕಿದ ರೈತನನ್ನು ಹಳಿಯುವ ಹಕ್ಕು ಸಂಬಳದವರಿಗಿಲ್ಲ. ಆದರೆ ಬೆಲೆಯೆಂಬುದು ಕೊಳ್ಳುವವರ ಗೌರವದಿಂದಲೂ ಹುಟ್ಟುವುದಲ್ಲವೆ? ಅನ್ನವುಣ್ಣುವ ಮನೆಯೇ ಮೇಲ್ಮನೆಯೆಂದು ಎರಡು ತಲೆಮಾರು ಎಣಿಸಿದ ವಿದ್ಯಾವಂತರು, ರೊಟ್ಟಿಯ ನಾಡಿನಲ್ಲಿ ಹುಟ್ಟಿ ರೊಟ್ಟಿಯನ್ನು ಹಳ್ಳಿಯವರಿಗೆ ಬಿಟ್ಟವರು, ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರರು. ಗಡಿಯಾಚೆ ಸೊಲ್ಲಾಪುರದ ಕಡೆ ಇದೇ ತಿನಿಸಿಗೆ ಹುರಡಾ ಎಂದು ಹೆಸರು. ಅಲ್ಲಿ ರೈತರು ಪೇಟೆಯವರನ್ನು ಹೊಲಕ್ಕೆ ಕರೆದು, ತಲೆಗಿಷ್ಟೆಂದು ಹಣ ಪಡೆದು ಉಣಿಸುತ್ತಾರೆ. ಕೊಟ್ಟು ಉಣಿಸುವ ಹಳೆಯ ಔದಾರ್ಯ ಅದರಲ್ಲಿ ಇಲ್ಲವೆಂದು ಮರುಗುವವರು ಮರುಗಲಿ. ಹೊಲದಲ್ಲಿ ಜೋಳವಂತೂ ಉಳಿದಿದೆ.

ಇಲ್ಲಿ ಅಳಿಯುವುದು ಒಂದು ಹೊತ್ತಿನ ತಿನಿಸು ಮಾತ್ರವಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಸೀತನಿಗೆಂದೇ ಸಕ್ಕರಿ ಮುಕ್ಕರಿ ಎಂಬ ಸಿಹಿಜೋಳ, ಕಡುಬಿಗೆಂದೇ ಕಡುಬಿನ ಜೋಳ, ನಾಗರಪಂಚಮಿಯ ಅಳ್ಳಿಗೆಂದೇ ಅಳ್ಳಿನ ಜೋಳ, ಹೀಗೆ ತಿನಿಸಿಗೊಂದು ತಳಿಯನ್ನು ಆರಿಸಿ ಕಾದಿಟ್ಟ ಜಾಣ್ಮೆ ಆ ನಾಡಿನದು. ಇವನ್ನು ಯಾರೂ ಮಾರಾಟಕ್ಕೆ ಬೆಳೆದವರಲ್ಲ. ದೊಡ್ಡ ಹೊಲದ ಅಂಚಿನಲ್ಲಿ ಮನೆಯ ಮಟ್ಟಿಗೆ ನಾಲ್ಕು ಸಾಲು ಹಾಕಿ, ಮನೆಯ ಹೆಣ್ಣುಮಕ್ಕಳು ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕೆ ಎತ್ತಿಡುತ್ತಿದ್ದರು. 1964ರಲ್ಲಿ ಮೊದಲ ಹೈಬ್ರಿಡ್ ಜೋಳ ದೇಶಕ್ಕೆ ಬಂದಿತು. ಇಳುವರಿಯ ಲೆಕ್ಕದಲ್ಲಿ ಈ ನಾಲ್ಕು ಸಾಲುಗಳಿಗೆ ಕಾಲಂ ಇರಲಿಲ್ಲ. ಸೀತನಿ ತಿನ್ನುವವರಿಲ್ಲದ ಮನೆಯಲ್ಲಿ ಸಕ್ಕರಿ ಮುಕ್ಕರಿಯನ್ನು ಬಿತ್ತುವವರು ಯಾರು? ಎರಡು ಮೂರು ವರ್ಷ ಬಿತ್ತದೆ ಗಡಿಗೆಯಲ್ಲಿ ಉಳಿದ ಬೀಜ ಮೊಳೆಯುವ ಬಲವನ್ನು ಕಳೆದುಕೊಳ್ಳುವುದು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಭಾಷಣಗಳಾದುವು, ಜೋಳದ ಬಿಸ್ಕತ್ತುಗಳು ಬಂದುವು, ಬಣ್ಣದ ಪೆಟ್ಟಿಗೆಗಳು ಬಂದುವು. ಮತ್ತೆ ಪೆಟ್ಟಿಗೆಯೇ!

ಪೇಢೆಯನ್ನು ವರ್ಷದ ಯಾವ ದಿನವಾದರೂ ಕೊಳ್ಳಬಹುದು. ಸೀತನಿ ಹಾಗಲ್ಲ. ಪುಷ್ಯದಲ್ಲಿ ಅದು ಬೇಕೆನ್ನುವವರು ಹಸ್ತೆಯ ಮಳೆ ಬೀಳುವುದಕ್ಕೆ ಮುನ್ನವೇ ಹಳ್ಳಿಗೆ ಹೋಗಿ, ಬೀಜವಿರುವ ಮನೆಯನ್ನು ಹುಡುಕಿ, ನಾಲ್ಕು ಸಾಲಿಗೆ ಮಾತಾಡಿ, ಬಲಿಯದೆ ಮುರಿದ ತೆನೆಗೆ ಬಲಿತ ಕಾಳಿನ ಬೆಲೆಯನ್ನು ಒಪ್ಪಿಕೊಂಡು ಬರಬೇಕು. ಸುಡಲು ಬಂದವರಿಗೂ ಅದೇ ಜಮಖಾನೆಯ ಮೇಲೆ ಎಡೆಯಿರಬೇಕು. ನಾಡಹಬ್ಬದ ಊಟದ ಸಲುವಾಗಿ ಜಿಲ್ಲೆಯ ಸಂಘಗಳು ಭಾದ್ರಪದದಲ್ಲಿಯೇ ಸಿಹಿಯಂಗಡಿಗೆ ಮುಂಗಡ ಕೊಡುವುದುಂಟು. ಹಸ್ತೆಯ ಬಿತ್ತನೆಯ ಕಾಲವೂ ಅದರ ಬೆನ್ನಿಗೇ ಬರುವುದು.