ಬಾಯಿಯ ಗಂಟು ನಡತೆಯ ಸರ್ಟಿಫಿಕೇಟ್ ಅಲ್ಲ

ಕಳೆದ ವರ್ಷ ನನ್ನ ಕೆಳತುಟಿಯ ಒಳಗೆ ಅಕ್ಕಿಕಾಳಿನಷ್ಟು ಗಂಟೊಂದು ಎದ್ದಿತು. ನೋವಿರಲಿಲ್ಲ, ಆದರೆ ಹೂಕೋಸಿನಂತೆ ಒರಟಾಗಿತ್ತು. ಮೊಬೈಲಿನಲ್ಲಿ ಹುಡುಕಿದೆ. ‘ಎಚ್‌ಪಿವಿ’ ಎಂಬ ವೈರಸ್ಸಿನ ಹೆಸರು ಬಂತು. ಅದರ ಜೊತೆಗೇ ‘ಲೈಂಗಿಕ ಸಂಪರ್ಕ’, ‘ಕ್ಯಾನ್ಸರ್’ ಎಂಬ ಪದಗಳಿದ್ದವು. ಅಂದಿನಿಂದ ಎರಡು ತಿಂಗಳು ನಾನು ಬಾಯಿ ತೆರೆದು ನಗಲಿಲ್ಲ. ಉಮ್ಮನಿಗೂ ಹೇಳಲಿಲ್ಲ.

ಕೊನೆಗೆ ಉಮ್ಮನೇ ಗಮನಿಸಿ ದಂತವೈದ್ಯರ ಬಳಿ ಕರೆದುಕೊಂಡು ಹೋದರು. ವೈದ್ಯರು ನನ್ನ ಕೈಬೆರಳುಗಳನ್ನೂ ನೋಡಿದರು. ಉಗುರಿನ ಪಕ್ಕದಲ್ಲಿ ಎರಡು ನರಹುಲಿಗಳಿದ್ದವು. “ಉಗುರು ಕಚ್ಚುವ ಅಭ್ಯಾಸ ಇದೆಯಾ?” ಎಂದು ಕೇಳಿದರು. ಇತ್ತು. ಬೆರಳಿನ ವೈರಸ್ ಹಾಗೆಯೇ ತುಟಿಗೆ ಬಂದಿರಬಹುದು ಎಂದರು. ಗಂಟನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದರು. ಸಾಮಾನ್ಯ ನರಹುಲಿ ಎಂದು ವರದಿ ಬಂತು. ಇಷ್ಟಕ್ಕಾಗಿ ಎರಡು ತಿಂಗಳು ನಿದ್ದೆಗೆಟ್ಟಿದ್ದೆ!

ಎಚ್‌ಪಿವಿ ಎಂದರೆ ಒಂದೇ ವೈರಸ್ ಅಲ್ಲ, 200ಕ್ಕೂ ಹೆಚ್ಚು ಬಗೆಗಳಿವೆ. ಕೆಲವು ಕೈಕಾಲಿನ ಚರ್ಮದಲ್ಲಿ ನರಹುಲಿ ಎಬ್ಬಿಸುತ್ತವೆ. 6 ಮತ್ತು 11ನೇ ಬಗೆಗಳು ಬಾಯಲ್ಲಿ ಅಪಾಯವಿಲ್ಲದ ಗಂಟುಗಳನ್ನು ಉಂಟುಮಾಡಬಲ್ಲವು. ಆದರೆ 16ನೇ ಬಗೆ ವರ್ಷಗಟ್ಟಲೆ ಒಳಗೇ ಉಳಿದರೆ ಟಾನ್ಸಿಲ್ ಮತ್ತು ನಾಲಗೆಯ ಬುಡದಲ್ಲಿ ಕ್ಯಾನ್ಸರ್‌ಗೆ ಕಾರಣವಾಗಬಹುದು. ಹೆಚ್ಚಿನ ಸೋಂಕುಗಳನ್ನು ದೇಹವೇ ನಿವಾರಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಬಾಯಿ ಕ್ಯಾನ್ಸರಿಗೆ ಮುಖ್ಯ ಕಾರಣ ಈ ವೈರಸ್ ಅಲ್ಲ, ತಂಬಾಕು ಮತ್ತು ಅಡಿಕೆ. ಗುಟ್ಕಾ ಜಗಿಯುವವನನ್ನು ಕಂಡು ಸುಮ್ಮನಿರುವ ನಾವು, ತುಟಿಯ ಗಂಟು ಕಂಡರೆ ಪಿಸುಗುಟ್ಟುತ್ತೇವೆ.

ಲೈಂಗಿಕವಾಗಿ ಹರಡುವ ಬಗೆಗಳೂ ಇವೆ, ನಿಜ. ಆದರೆ ಗಂಟು ನೋಡಿ ಯಾರ ನಡತೆಯನ್ನೂ ಅಳೆಯಲಾಗದು. ಸೋಂಕು ಹೇಗೇ ಬಂದಿರಲಿ, ರೋಗಿಗೆ ಬೇಕಾದದ್ದು ಚಿಕಿತ್ಸೆ, ತೀರ್ಪಲ್ಲ. ನಾಚಿಕೆಯಿಂದ ಮುಚ್ಚಿಟ್ಟ ಹುಣ್ಣು ಅಪಾಯದ್ದೇ ಆಗಿದ್ದರೆ, ಕಳೆದುಹೋದ ತಿಂಗಳುಗಳನ್ನು ಯಾರು ತಂದುಕೊಡುತ್ತಾರೆ?

ಆದ್ದರಿಂದ ಕಾಲೇಜಿನಲ್ಲಿ ನನ್ನದು ಎರಡು ವಿನಂತಿ. ವರ್ಷಕ್ಕೊಮ್ಮೆ ದಂತ ತಪಾಸಣೆ ನಡೆಯಲಿ. ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರಿಂದ ಒಂದು ಮಾತುಕತೆ ಏರ್ಪಡಿಸಿ, ಪೋಷಕರನ್ನೂ ಕರೆಯಿರಿ. ಗರ್ಭಕಂಠದ ಕ್ಯಾನ್ಸರ್ ತಡೆಯಲು 9ರಿಂದ 14 ವರ್ಷದ ಹುಡುಗಿಯರಿಗೆ ಮೊದಲು ಈ ಲಸಿಕೆ ಸಿಗಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ನಮ್ಮ ತಂಗಿಯರ ವಯಸ್ಸು.

ಗೆಳೆಯ ಗೆಳತಿಯರೇ, ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಹೊಸ ಗಂಟು ಕಂಡರೆ ಮೊಬೈಲಿಗಲ್ಲ, ವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲು ಮನೆಯಲ್ಲಿ ಹೇಳಿ. ನಾನು ಹೇಳದೆ ಉಳಿದದ್ದಕ್ಕೆ ಉಮ್ಮ ಇಂದಿಗೂ ಬೇಸರಪಡುತ್ತಾರೆ, ಗಂಟಿಗಾಗಿ ಅಲ್ಲ.